ಖಾಲಿ ಎಂಬ ಫೈಲು

ಸೋಮವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಪ್ರಯೋಗಾಲಯದ ಕೌಂಟರಿನವಳು ಮೊದಲ ಬಾಟಲಿಯನ್ನು ಸ್ಕ್ಯಾನರಿನ ಮುಂದೆ ಹಿಡಿದಳು. ಪರದೆಯ ಮೇಲೆ ಒಂದೇ ಸಾಲು ಮೂಡಿತು— ಈ ಸಂಖ್ಯೆ ದಾಖಲೆಯಲ್ಲಿ ಇಲ್ಲ.

ಬಾಟಲಿಯನ್ನು ಸೆರಗಿನಿಂದ ಒರೆಸಿ ಮತ್ತೆ ಹಿಡಿದಳು. ಇಲ್ಲ. ಎರಡನೆಯದು? ಇಲ್ಲ. ಹತ್ತನೆಯದು? ಅದೂ ಇಲ್ಲ. ಅರವತ್ತಮೂರು ಬಾಟಲಿಗಳಲ್ಲಿ ಒಂದಕ್ಕೂ ಹೆಸರಿಲ್ಲ.

ಶನಿವಾರದ ಶಿಬಿರದಲ್ಲಿ ಅರವತ್ತಮೂರು ಜನರ ಮೈಯ ಗಂಟಿನಿಂದ ಕತ್ತರಿಸಿ ತೆಗೆದ ಚೂರುಗಳು ಅವು. ಗಂಟು ಒಳ್ಳೆಯದೋ ಕೆಟ್ಟದ್ದೋ ಎಂದು ಪ್ರಯೋಗಾಲಯ ನೋಡಿ ಹೇಳಬೇಕಿತ್ತು. ಬಾಟಲಿಯ ಮೇಲೆ ಬರೀ ಸಂಖ್ಯೆಯ ಚೀಟಿ. ಯಾವ ಸಂಖ್ಯೆ ಯಾರದ್ದು ಎಂಬುದು ಡೇಟಾಬೇಸಿನಲ್ಲಿ ಮಾತ್ರ. ಕಾಗದದ ಗೊಡವೆಯೇ ಬೇಡ ಎಂದು ಎರಡು ವರ್ಷದ ಹಿಂದೆ ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಡಾಕ್ಟರೇ ಫಾರಮ್ಮುಗಳನ್ನು ನಿಲ್ಲಿಸಿದ್ದರು.

ವಿಚಿತ್ರವೆಂದರೆ, ಶುಕ್ರವಾರದವರೆಗಿನ ಆರು ವರ್ಷದ ದಾಖಲೆ ಒಂದಕ್ಷರ ಕಡಿಮೆಯಾಗದೆ ಇತ್ತು. ಭಾನುವಾರ ರಾತ್ರಿ ತಾನಾಗಿಯೇ ಆಗುವ ವಾರದ ಬ್ಯಾಕಪ್ಪಿನಲ್ಲೂ ಅಷ್ಟೇ— ಎಲ್ಲವೂ ಇದೆ, ಶನಿವಾರ ಇಲ್ಲ. ಚಾಕು ಹಾಕಿ ಕೊಯ್ದು ತೆಗೆದ ಹಾಗೆ. ಯಂತ್ರ ಕೆಟ್ಟರೆ ಹೀಗೆ ವಾರ ನೋಡಿ ಕೆಡುತ್ತದೆಯೇ? ಯಾರೋ ಅಳಿಸಿದ್ದಾರೆ. ಗುರುತು ಉಳಿಯದಂತೆ ಅಳಿಸಬಲ್ಲವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರು.

ಅವರಿಗೆ ದೊಡ್ಡತಟ್ಟೆ ಎಂದು ಹೆಸರು. ಇಪ್ಪತ್ತಾರು ವರ್ಷದಿಂದ ಅಲ್ಲಿನ ಸರ್ವರುಗಳನ್ನು ನೋಡಿಕೊಂಡು ಬಂದವರು. ಸದಾ ತಟ್ಟೆಯಂಥ ಒಂದಲ್ಲ ಒಂದು ಡಿಸ್ಕನ್ನು ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದುದರಿಂದ ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡಿತ್ತು. ಆರು ವರ್ಷದ ಹಿಂದೆ ಅವರ ಹೆಂಡತಿಯ ತಮ್ಮ ಅದೇ ಕೆಲಸಕ್ಕೆ ಸೇರಿದಾಗ ಅವನು ಯೋಚನೆಯೇ ಇಲ್ಲದೆ ಚಿಕ್ಕತಟ್ಟೆಯಾದ. ಭಾವ, ಭಾಮೈದ ಇಬ್ಬರೂ ಸರ್ವರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಒಂದೇ ಡಬ್ಬಿಯಿಂದ ಊಟ ಮಾಡುವುದನ್ನು ಕಂಡು ಇಡೀ ಪ್ರಯೋಗಾಲಯ ನಗುತ್ತಿತ್ತು. ಡಬ್ಬಿ ಕಟ್ಟುತ್ತಿದ್ದವಳು ಚಿಕ್ಕತಟ್ಟೆಯ ಅಕ್ಕ.

ಆ ಸೋಮವಾರವೇ ಭಾವನನ್ನು ಹೊರಗೆ ನಿಲ್ಲಿಸಿದರು. ಬಾಗಿಲಿನ ಕಾರ್ಡು ಕಿತ್ತುಕೊಂಡರು. ವಿಚಾರಣೆ ಮುಗಿಯುವವರೆಗೆ ಅವರೊಂದಿಗೆ ಮಾತಾಡಕೂಡದು ಎಂದು ಚಿಕ್ಕತಟ್ಟೆಗೆ ದೊಡ್ಡ ಡಾಕ್ಟರು ತಾಕೀತು ಮಾಡಿದರು. ಅವನು ಮಾತಾಡಲಿಲ್ಲ. ಅಕ್ಕನ ಮನೆಯ ಬೀದಿಯನ್ನೂ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದ.

ಹನ್ನೊಂದು ದಿನದ ಮೇಲೆ, ಶುಕ್ರವಾರ ಬೆಳಿಗ್ಗೆ, ಆಡಳಿತ ಮಂಡಳಿ ಕಳಿಸಿದ ಪರೀಕ್ಷಕಿ ಬಂದರು. ಹಳಬರನ್ನು ಕೆಲಸದಿಂದ ತೆಗೆಯುವ ಮುಂಚೆ ಹೊರಗಿನವರೊಬ್ಬರು ಕಾಗದಪತ್ರ ನೋಡಬೇಕೆಂಬ ನಿಯಮವಿತ್ತು. ಐವತ್ತೈದರ ಹೆಂಗಸು, ಎರಡು ಕನ್ನಡಕ, ಒಂದು ಕತ್ತಿನಲ್ಲಿ, ಇನ್ನೊಂದು ತಲೆಯ ಮೇಲೆ. ಯಾವ ಕಚೇರಿಗೆ ಹೋದರೂ ಎಲ್ಲವನ್ನೂ ಸೋಸುತ್ತಾರೆಂದು ಜರಡಿ ಮೇಡಂ ಎಂದೇ ಪ್ರಸಿದ್ಧರು.

“ನಾಲ್ಕು ಗಂಟೆಗೆ ಆದೇಶಕ್ಕೆ ಸಹಿ ಹಾಕ್ಬೇಕು,” ಎಂದರು ದೊಡ್ಡ ಡಾಕ್ಟರು. “ಪೊಲೀಸಿಗೂ ಕೊಡ್ತೀವಿ. ನಿಮ್ಮದು ಬರೀ ಕಾಟಾಚಾರ ಅಂದ್ಕೊಳ್ಳಿ.”

“ಕಾಟಾಚಾರಕ್ಕೆ ನನಗೆ ಬರೋಕಾಗಲ್ಲ ಡಾಕ್ಟ್ರೇ, ಬಸ್ಸಿನಲ್ಲಿ ಸೊಂಟ ಮುರಿಯುತ್ತೆ,” ಎಂದರು ಮೇಡಂ. “ಯಾಕೆ ಅವರ ಮೇಲೆ ಅನುಮಾನ?”

“ಶಿಬಿರದ ಹಿಂದಿನ ದಿನ, ಶುಕ್ರವಾರ, ನಾನು ಅವರಿಗೆ ಹೇಳ್ದೆ. ಸರ್ವರ್ ಕೆಲಸ ಹೊರಗಿನ ಕಂಪನಿಗೆ ಕೊಡ್ತೀವಿ, ನೀವು ಸ್ಟೋರ್ಸಿಗೆ ಹೋಗಿ ಅಂತ. ಎಲ್ಲರ ಎದುರಿಗೂ ಏನಂದ್ರು ಗೊತ್ತಾ? ನಾನಿಲ್ದೆ ಇದು ಹೇಗೆ ನಡೆಯುತ್ತೋ ನೋಡೋಣ, ಅಂದ್ರು.”

“ಆಮೇಲೆ?”

“ಭಾನುವಾರ ರಜಾ. ಒಬ್ಬರೇ ಬಂದು ಸರ್ವರ್ ರೂಮಿಗೆ ಹೋಗಿದ್ದಾರೆ. ಬೆಳಿಗ್ಗೆ ಹತ್ತೂ ನಲವತ್ತರಿಂದ ಹನ್ನೊಂದೂ ಇಪ್ಪತ್ತೈದು. ಬಾಗಿಲ ದಾಖಲೆ ಇದೆ.”

“ಅವರು ಏನಂತಾರೆ?”

“ಮಷೀನ್ ಆಫ್ ಮಾಡಿ ಆನ್ ಮಾಡ್ದೆ, ದಾಖಲೆ ಮುಟ್ಟಿಲ್ಲ ಅಂತಾರೆ. ಯಾರಾದ್ರೂ ನಂಬ್ತಾರಾ?”

“ಅಳಿಸಿದ ಗುರುತು ಸಿಕ್ತಾ?”

ಡಾಕ್ಟರು ಚಿಕ್ಕತಟ್ಟೆಯ ಕಡೆ ನೋಡಿದರು. ಅವನು ಎದ್ದು ನಿಂತು ಹೇಳಿದ, “ಇಲ್ಲ ಮೇಡಂ. ಒಂದು ಕಮಾಂಡೂ ಸಿಗ್ಲಿಲ್ಲ. ಅಳಿಸಿದ್ದನ್ನೂ ಅಳಿಸಿದ್ದಾರೆ ಅಂತ ವರದಿ ಕೊಟ್ಟೆ.”

“ನೀವು ಅವರ—?”

“ಭಾಮೈದ.”

“ಆದ್ರೂ ವಿರುದ್ಧವಾಗಿ ಬರೆದ್ರಿ.”

“ಭಾವ ಅಂತ ಮುಚ್ಚಿಹಾಕ್ದ ಅನ್ನಬಾರದಲ್ಲ ಮೇಡಂ.”

ಮೇಡಂ ತಲೆಯ ಮೇಲಿನ ಕನ್ನಡಕವನ್ನು ಕಣ್ಣಿಗಿಳಿಸಿ ಅವನನ್ನು ಒಂದು ಗಳಿಗೆ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಕೌಂಟರಿನವಳನ್ನು ಕರೆದರು. ಅವಳು ಕಣ್ಣೊರೆಸಿಕೊಳ್ಳುತ್ತಲೇ ಬಂದಳು.

“ಶನಿವಾರ ಹೆಸರೆಲ್ಲ ನೀನೇ ಹಾಕಿದ್ದು?”

“ಹೌದು ಮೇಡಂ. ಅರವತ್ತಮೂರಕ್ಕೂ. ಹೆಸರು, ಫೋನು, ಮುಖದ ಫೋಟೋ, ಸ್ಕ್ಯಾನಿನ ಚಿತ್ರಗಳು. ಎಂಟರಿಂದ ಒಂದು ಗಂಟೆವರೆಗೆ ತಲೆ ಎತ್ತಿಲ್ಲ.”

“ಹಳೆಯ ರೋಗಿ ಯಾರದ್ದಾದ್ರೂ ದಾಖಲೆ ತೆಗೆದು ನೋಡಿದ್ಯಾ ಅವತ್ತು?”

“ಶನಿವಾರ ವರದಿ ಕೌಂಟರ್ ಮುಚ್ಚಿರುತ್ತೆ. ಹೊಸಬರನ್ನ ಸೇರಿಸೋದು ಅಷ್ಟೇ.” ಅವಳ ದನಿ ಸಣ್ಣದಾಯಿತು. “ವರದಿ ಕೇಳ್ಕೊಂಡು ತಾವಾಗೇ ಬಂದ ಒಂಬತ್ತು ಜನರನ್ನ ಮತ್ತೆ ಕೊಯ್ದ್ರು. ಒಬ್ಬಾಕೆ ಟೈಲರು. ಮೊದಲ್ನೇ ಸಲದ ಹೊಲಿಗೇನೇ ಇನ್ನೂ ಬಿಚ್ಚಿರ್ಲಿಲ್ಲ. ನೀವು ಎಷ್ಟು ಸಲ ಹೊಲೀತೀರಿ ಅಂತ ನಗ್ತಾನೇ ಕೇಳಿದ್ರು. ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.”

ಆಮೇಲೆ ಎಲೆಕ್ಟ್ರಿಷಿಯನ್.

“ಶನಿವಾರ ಏಳಕ್ಕೆ ಹೊಸ ಯುಪಿಎಸ್ ಕೂರಿಸ್ದೆ,” ಎಂದ ಅವನು. “ಅದಕ್ಕೆ ಎಲ್ಲಾ ಆಫ್ ಮಾಡಿದ್ವಿ. ಎಂಟಕ್ಕೆ ಐದು ನಿಮಿಷ ಇರೋವಾಗ ಆನ್ ಮಾಡಿದ್ವಿ. ಹೊರಗೆ ಜನ ಕ್ಯೂ ನಿಂತಿದ್ರು.”

“ಆನ್ ಮಾಡಿದ್ದು ಯಾರು?”

“ಚಿಕ್ಕತಟ್ಟೆ ಸಾರ್. ಮಷೀನಿನ ಸ್ವಿಚ್ ಅವರು ಹಾಕಿದ್ರು. ಪಕ್ಕದ ಡಿಸ್ಕಿನ ಪೆಟ್ಟಿಗೆ ಪ್ಲಗ್ಗು ಸಡಿಲ ಇತ್ತು, ನಾನು ಆಮೇಲೆ ಒತ್ತಿದೆ.”

“ಎಷ್ಟು ಆಮೇಲೆ?”

“ಎರಡು ನಿಮಿಷ? ಮೂರು?”

“ಭಾನುವಾರ?”

“ಹೊಸ ಯುಪಿಎಸ್ ಕಿರುಚ್ತಾ ಇದೆ ಅಂತ ವಾಚ್‌ಮನ್ ಫೋನ್ ಮಾಡಿದ್ದ. ನಾನು ಮದುವೆಮನೇಲಿದ್ದೆ. ದೊಡ್ಡತಟ್ಟೆ ಸಾರ್‌ಗೆ ಹೇಳ್ದೆ, ಪಾಪ ರಜಾ ದಿನ ಬಂದ್ರು. ಎಲ್ಲಾ ಆಫ್ ಮಾಡಿ, ಬ್ಯಾಟರಿ ತಂತಿ ಬಿಗಿ ಮಾಡಿ, ಮತ್ತೆ ಆನ್ ಮಾಡಿ ಹೋದ್ರು. ಇದನ್ನ ಅವತ್ತೇ ಹೇಳಿದ್ದೆ ಡಾಕ್ಟ್ರಿಗೆ.”

“ಅದು ನೆಪ,” ಎಂದರು ಡಾಕ್ಟರು.

ಮೇಡಂ ಚಿಕ್ಕತಟ್ಟೆಯನ್ನು ಕರೆದುಕೊಂಡು ಸರ್ವರ್ ಕೋಣೆಗೆ ನಡೆದರು. ಹೊರಗಿನ ಬೆಂಚು ಖಾಲಿಯಿತ್ತು. ಹನ್ನೊಂದು ದಿನದಿಂದ ಅವನು ಕ್ಯಾಂಟೀನಿನ ಮೂಲೆಯಲ್ಲಿ ನಿಂತು ಏನೋ ಒಂದು ತಿಂದು ಬರುತ್ತಿದ್ದ.

ಒಳಗೆ ಫ್ಯಾನುಗಳ ಗುಂಯ್ ಸದ್ದು. ಒಂದು ಲಿನಕ್ಸ್ ಸರ್ವರು. ಅದರೊಳಗೆ ಒಂದು ಸಣ್ಣ ಡಿಸ್ಕು— ಯಂತ್ರ ಎದ್ದು ನಿಲ್ಲುವುದಕ್ಕೆ ಬೇಕಾದದ್ದೆಲ್ಲ ಅದರಲ್ಲಿ. ಪಕ್ಕದಲ್ಲಿ ಬೇರೆ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಡಿಸ್ಕು— ಡೇಟಾಬೇಸೆಲ್ಲ ಅದರಲ್ಲಿ.

“ದೊಡ್ಡ ಡಿಸ್ಕು ಎಲ್ಲಿ ಕೂರುತ್ತೆ?” ಎಂದರು ಮೇಡಂ.

“ಡೇಟಾ ಅನ್ನೋ ಫೋಲ್ಡರಿನ ಮೇಲೆ. ಮಷೀನ್ ಏಳುವಾಗ ತಾನಾಗೇ ಕೂರುತ್ತೆ. ಆಮೇಲೆ ಆ ಫೋಲ್ಡರು ತೆರೆದ್ರೆ ಡಿಸ್ಕಿನಲ್ಲಿರೋದೇ ಕಾಣುತ್ತೆ.”

“ಬಾಗಿಲ ಪಕ್ಕ ನೇತುಹಾಕಿರೋ ಈ ದಪ್ಪ ಪುಸ್ತಕ ಏನು?”

“ಭಾವ ಮಾಡಿದ ಪದ್ಧತಿ. ದಿನಾ ಒಂದು ಗಂಟೆಗೆ ಡಿಸ್ಕುಗಳು ಎಷ್ಟು ತುಂಬಿವೆ, ಡೇಟಾ ಫೋಲ್ಡರಿನಲ್ಲಿ ಏನೇನಿದೆ ಅಂತ ಪ್ರಿಂಟ್ ತೆಗೆದು ಅಂಟಿಸಿ ಸಹಿ ಹಾಕ್ಬೇಕು. ನಾವು ಇದನ್ನ ಮಷೀನಿನ ಜ್ವರದ ಚೀಟಿ ಅಂತೀವಿ.” ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ.

“ವಿಚಾರಣೇಲಿ ಇದನ್ನ ಯಾರೂ ನೋಡ್ಲಿಲ್ವಾ?”

“ಶನಿವಾರದ ಹಾಳೆ ನೋಡಿ ಅಂತ ಭಾವ ಬರೆದು ಕೊಟ್ಟಿದ್ರು. ಡಾಕ್ಟ್ರು ನನ್ನ ಕೇಳಿದ್ರು. ಸರಿಯಾಗಿದೆ, ನಾನೇ ಸಹಿ ಹಾಕಿದ್ದೀನಿ ಅಂದೆ.”

“ತೆಗೆದು ನೋಡಿ ಹೇಳಿದ್ರಾ?”

ಅವನು ಪುಸ್ತಕ ನೇತಾಡುತ್ತಿದ್ದ ಮೊಳೆಯನ್ನು ನೋಡಿದ.

“ಇಲ್ಲ ಮೇಡಂ.”

ಅವರು ಪುಸ್ತಕವನ್ನು ಕೆಳಗಿಳಿಸಿ, ಬೆಂಚಿನ ಮೇಲೆ ಕೂತು, ಹಾಳೆ ತಿರುವಿದರು. ಶುಕ್ರವಾರ. ಶನಿವಾರ. ಸೋಮವಾರ. ಮೂರರ ಮೇಲೂ ಬೆರಳಿಟ್ಟು ಹಿಂದೆ ಮುಂದೆ ಓಡಾಡಿಸಿದರು. ಎರಡನೆಯ ಸಲಕ್ಕೆ ಬೆರಳು ನಿಂತಿತು.

“ಡಾಕ್ಟ್ರನ್ನ ಕರೀರಿ,” ಎಂದರು. “ಎಲ್ಲರನ್ನೂ.”

ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಇಕ್ಕಟ್ಟಾದ ಆ ಕೋಣೆಯಲ್ಲಿ ಡಾಕ್ಟರು, ಕೌಂಟರಿನವಳು, ಎಲೆಕ್ಟ್ರಿಷಿಯನ್ ಗೋಡೆಗೆ ಒತ್ತಿಕೊಂಡು ನಿಂತರು. ಮೇಡಂ ಪುಸ್ತಕವನ್ನು ಡಿಸ್ಕಿನ ಪೆಟ್ಟಿಗೆಯ ಮೇಲೆ ಹರಡಿದರು.

“ಶುಕ್ರವಾರ ಡಿಸ್ಕುಗಳ ಸಾಲು ಎಷ್ಟಿದೆ, ಓದಿ,” ಎಂದರು ಚಿಕ್ಕತಟ್ಟೆಗೆ.

“ಎರಡು. ಸಣ್ಣದು ಮೂವತ್ತೆಂಟು ಪರ್ಸೆಂಟ್. ದೊಡ್ಡದು ಎಪ್ಪತ್ತೊಂದು.”

“ಶನಿವಾರ?”

ಅವನು ಬಗ್ಗಿ ನೋಡಿದ.

“ಒಂದೇ. ಸಣ್ಣದು. ನಲವತ್ತೊಂದು.”

“ದೊಡ್ಡ ಡಿಸ್ಕು?”

“ಇಲ್ಲ.”

“ಫೋಲ್ಡರಿನಲ್ಲಿ ಏನಿದೆ?”

“ಡೇಟಾಬೇಸಿನ ಫೋಲ್ಡರು. ಇನ್ನೊಂದು ಫೈಲು.”

“ಏನು ಅದರ ಹೆಸರು?”

“ಖಾಲಿ.”

“ಶುಕ್ರವಾರ ಅದಿತ್ತಾ? ಸೋಮವಾರ?”

“ಎರಡು ದಿನಾನೂ ಇಲ್ಲ.”

“ಹಾಗಾದ್ರೆ ಅದು ಶನಿವಾರ ಒಂದಿನ ಮಾತ್ರ ಎಲ್ಲಿಂದ ಬಂತು?”

ಆಗ ನೆನಪಾಯಿತು ಚಿಕ್ಕತಟ್ಟೆಗೆ. ಕೆಲಸಕ್ಕೆ ಸೇರಿದ ಮೊದಲ ವಾರ, ಇದೇ ಬೆಂಚಿನ ಮೇಲೆ ಡಬ್ಬಿಯ ಮುಚ್ಚಳ ತೆಗೆಯುತ್ತಾ ಭಾವ ಹೇಳಿದ್ದರು— ಡಿಸ್ಕು ಕೂರಿಸೋ ಮುಂಚೆ ಬರೀ ಫೋಲ್ಡರಿನಲ್ಲಿ ಖಾಲಿ ಅಂತ ಒಂದು ಫೈಲಿಟ್ಟಿರ್ತೀನಿ ಕಣೋ. ಡಿಸ್ಕು ಮೇಲೆ ಕೂತರೆ ಅದು ಕಾಣಲ್ಲ. ಅದು ಯಾವತ್ತಾದ್ರೂ ಕಣ್ಣಿಗೆ ಬಿತ್ತೋ, ಡಿಸ್ಕು ಕೂತಿಲ್ಲ ಅಂತ ತಿಳ್ಕೊ, ಆ ಕ್ಷಣವೇ ಎಲ್ಲಾ ನಿಲ್ಲಿಸು. ಅವನು ತಲೆಯಾಡಿಸಿದ್ದ. ಹೊಟ್ಟೆ ಹಸಿದಿತ್ತು, ಮನಸ್ಸೆಲ್ಲ ಡಬ್ಬಿಯ ಮೇಲಿತ್ತು.

“ನಾನು ಹೇಳ್ತೀನಿ ಡಾಕ್ಟ್ರೇ,” ಎಂದರು ಮೇಡಂ. “ನೆಲದ ಮೇಲೆ ಖಾಲಿ ಅನ್ನೋ ಒಂದು ಚೀಟಿ ಬಿದ್ದಿದೆ. ಮೇಲೆ ಚಾಪೆ ಹಾಸಿದ್ರೆ ಚೀಟಿ ಕಾಣಲ್ಲ. ಚಾಪೆ ತೆಗೆದ್ರೆ ಕಾಣುತ್ತೆ. ಚಾಪೆ ಅಂದ್ರೆ ದೊಡ್ಡ ಡಿಸ್ಕು, ಶನಿವಾರ ಅದನ್ನ ಹಾಸಿರ್ಲಿಲ್ಲ. ಮಷೀನು ಎದ್ದಾಗ ಡಿಸ್ಕಿನ ಪೆಟ್ಟಿಗೆಗೆ ಕರೆಂಟೇ ಬಂದಿರ್ಲಿಲ್ಲ. ಡೇಟಾಬೇಸು ಬರೀ ಫೋಲ್ಡರನ್ನ ನೋಡ್ತು. ದಾಖಲೆ ಇಲ್ಲದಿದ್ರೆ ಹೊಸದಾಗಿ ಕಟ್ಟಿಕೋ ಅಂತ ಅದಕ್ಕೆ ಹೇಳಿಟ್ಟಿದ್ದಾರೆ, ಕಟ್ಟಿಕೊಳ್ತು. ಈ ಹುಡುಗಿ ಹಾಕಿದ ಅರವತ್ತಮೂರು ಹೆಸರೂ ನೆಲದ ಮೇಲೇ ಬಿತ್ತು, ಅಂದ್ರೆ ಸಣ್ಣ ಡಿಸ್ಕಿಗೆ. ಹಳೆಯದನ್ನ ಅವತ್ತು ಯಾರೂ ಹುಡುಕ್ಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ.”

“ಭಾನುವಾರ?” ಎಂದರು ಡಾಕ್ಟರು. ಅವರ ದನಿಯ ಗತ್ತು ಇಳಿದಿತ್ತು.

“ಭಾನುವಾರ ಅವರು ಕಲಿತ ಕ್ರಮದಲ್ಲೇ ಆನ್ ಮಾಡಿದ್ರು. ಮೊದಲು ಡಿಸ್ಕಿನ ಪೆಟ್ಟಿಗೆ, ಆಮೇಲೆ ಮಷೀನು. ಚಾಪೆ ಸರಿಯಾಗಿ ಹಾಸ್ತು— ಶನಿವಾರದ ಮೇಲೆ. ಅಳಿಸಿದ ಗುರುತು ಸಿಗ್ಲಿಲ್ಲ, ಯಾಕಂದ್ರೆ ಯಾರೂ ಅಳಿಸ್ಲೇ ಇಲ್ಲ. ಸೋಮವಾರದ ಹಾಳೇಲಿ ಸಣ್ಣ ಡಿಸ್ಕು ಎಷ್ಟಿದೆ?”

“ನಲವತ್ತೊಂದು,” ಎಂದ ಚಿಕ್ಕತಟ್ಟೆ.

“ಮೂವತ್ತೆಂಟಕ್ಕೆ ಇಳೀಲೇ ಇಲ್ಲ. ಆ ಮೂರು ಪರ್ಸೆಂಟೇ ನಿಮ್ಮ ಅರವತ್ತಮೂರು ಜನ. ಡೇಟಾಬೇಸ್ ನಿಲ್ಲಿಸಿ. ದೊಡ್ಡ ಡಿಸ್ಕನ್ನ ಫೋಲ್ಡರಿನ ಮೇಲಿಂದ ಇಳಿಸಿ. ನೀವೇ ಮಾಡಿ.”

ಅವನು ಕೀಬೋರ್ಡಿನ ಮುಂದೆ ಕೂತ. ನಿಲ್ಲಿಸುವ ಕಮಾಂಡು. ಇಳಿಸುವ ಕಮಾಂಡು. ಎರಡು ಸಲ ತಪ್ಪಾಗಿ ಒತ್ತಿ ಅಳಿಸಿದ. ಮೂರನೆಯ ಸಲ ಸರಿಯಾಯಿತು. ಫೋಲ್ಡರಿನಲ್ಲಿ ಏನಿದೆ ಎಂದು ಕೇಳಿದ.

ಎರಡೇ ಹೆಸರು ಬಂದವು. ಡೇಟಾಬೇಸು. ಖಾಲಿ.

ಮೊದಲು ಅದೆಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿಸಿದರು ಮೇಡಂ. ನಕಲಿನಿಂದಲೇ ತೆರೆಸಿದರು. ಕೌಂಟರಿನವಳು ಓಡಿಹೋಗಿ ಒಂದು ಬಾಟಲಿ ತಂದು ಸಂಖ್ಯೆ ಓದಿದಳು. ಪರದೆಯ ಮೇಲೆ ಒಂದು ಮುಖ ಬಂತು, ಶಿಬಿರದ ನೀಲಿ ಪರದೆಯ ಮುಂದೆ ಕೂತು ಸಣ್ಣಗೆ ನಗುತ್ತಿದ್ದ ಮುಖ.

“ಟೈಲರಮ್ಮ,” ಎಂದು ಕೌಂಟರಿನವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಡಾಕ್ಟರು ಗೋಡೆ ನೋಡುತ್ತಿದ್ದರು.

“ಒಂದು ಉಳೀತು,” ಎಂದರು ಮೇಡಂ. “ಪೆಟ್ಟಿಗೆಗೆ ಕರೆಂಟು ತಡವಾಗಿ ಬಂದ್ರೆ ಇಂಥ ಮಷೀನು ಸಾಮಾನ್ಯವಾಗಿ ಎದ್ದೇಳಲ್ಲ. ಡಿಸ್ಕಿಗೆ ಕಾಯುತ್ತೆ, ಬರದಿದ್ರೆ ನಿಂತುಬಿಡುತ್ತೆ. ಇದು ನಿಲ್ಲಲಿಲ್ಲ. ಡಿಸ್ಕು ಬರದಿದ್ರೂ ಪರವಾಗಿಲ್ಲ, ಮುಂದೆ ಹೋಗು ಅಂತ ಯಾರೋ ಇದಕ್ಕೆ ಒಂದು ಪದ ಸೇರಿಸಿದ್ದಾರೆ. ಆ ಸೆಟ್ಟಿಂಗಿನ ಫೈಲು ಈಗ ನೋಡ್ದೆ, ಕೊನೇ ಸಲ ತಿದ್ದಿದ್ದು ಒಂದೂವರೆ ವರ್ಷದ ಹಿಂದೆ. ಕೆಳಗೆ ತಿದ್ದಿದವರ ಹೆಸರಿನ ಮೊದಲಕ್ಷರವೂ ಇದೆ. ಒಳ್ಳೆ ಅಭ್ಯಾಸ. ಅದನ್ನೂ ನಿಮ್ಮ ಭಾವಾನೇ ಕಲಿಸಿರ್ಬೇಕು.”

ಚಿಕ್ಕತಟ್ಟೆ ಎದ್ದು ನಿಂತ. ಯಾರೂ ಎದ್ದು ನಿಲ್ಲು ಎಂದಿರಲಿಲ್ಲ.

“ನಾನೇ ಮೇಡಂ,” ಎಂದ. “ಆಗ ಒಂದಿನ ಮಷೀನು ಏಳೋಕೆ ಆರು ನಿಮಿಷ ತಗೊಳ್ತು ಅಂತ ಡಾಕ್ಟ್ರು ರೇಗಾಡಿದ್ರು. ಭಾವ ರಜದಲ್ಲಿದ್ರು. ಬೇಗ ಏಳ್ಲಿ ಅಂತ ಹಾಕ್ದೆ. ಭಾವನಿಗೆ ಹೇಳೋಕೆ ಮರೆತೆ.”

“ಪದ ಹಾಕಿದ್ದು ನೀವು. ಪೆಟ್ಟಿಗೆಗೆ ಮುಂಚೆ ಮಷೀನು ಆನ್ ಮಾಡಿದ್ದು ನೀವು. ಖಾಲಿ ಅಂತ ಅಚ್ಚಾದ ಹಾಳೆಗೆ ಓದದೆ ಸಹಿ ಹಾಕಿದ್ದು ನೀವು. ಓದದೇ ಸರಿಯಾಗಿದೆ ಅಂದಿದ್ದೂ ನೀವೇ.” ಮೇಡಂ ಗದರಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಕೆಟ್ಟ ಮನಸ್ಸಿನಿಂದ ಒಂದೂ ಮಾಡಿಲ್ಲ. ಅದೇ ನನಗೆ ಬೇಜಾರು. ಕಳ್ಳ ಸಿಕ್ಕಿದ್ರೆ ಬೈದು ಮನೆಗೆ ಹೋಗ್ತಿದ್ದೆ.”

ನಾಲ್ಕು ಗಂಟೆಗೆ ಸಹಿಯಾಗಬೇಕಿದ್ದ ಆದೇಶವನ್ನು ದೊಡ್ಡ ಡಾಕ್ಟರು ಮಡಚಿ ಜೇಬಿಗೆ ಹಾಕಿಕೊಂಡರು. ಭಾವನನ್ನು ಗೌರವದಿಂದ ವಾಪಸ್ ಕರೆಯುತ್ತೇವೆಂದು ಬೇರೊಂದು ಪತ್ರ ಟೈಪಾಯಿತು. ಅಂಚೆಯಲ್ಲಿ ಕಳಿಸೋಣ ಎಂದರು ಡಾಕ್ಟರು. ನಾನೇ ಒಯ್ಯುತ್ತೇನೆ ಎಂದ ಚಿಕ್ಕತಟ್ಟೆ.

ಸಂಜೆ ಆರಕ್ಕೆ ಅಕ್ಕ ಬಾಗಿಲು ತೆರೆದಳು. ಅವನ ಮುಖ ನೋಡಿದಳು, ಕೈಯಲ್ಲಿದ್ದ ಲಕೋಟೆ ನೋಡಿದಳು, ಒಂದೂ ಮಾತಾಡದೆ ಪಕ್ಕಕ್ಕೆ ಸರಿದಳು. ಹಿಂದೆಲ್ಲ ಅವನು ಬಂದರೆ ಚಪ್ಪಲಿ ಬಿಡುವ ಮೊದಲೇ ಕೈಕಾಲು ತೊಳ್ಕೋ ಎನ್ನುತ್ತಿದ್ದವಳು.

ಭಾವ ನೆಲದ ಮೇಲೆ ಕೂತು ಪಕ್ಕದ ಮನೆಯವರ ಟೇಬಲ್ ಫ್ಯಾನು ಬಿಚ್ಚಿಕೊಂಡಿದ್ದರು. ಪತ್ರವನ್ನು ಓದಿದರು. ಮಡಚಿ ಫ್ಯಾನಿನ ರೆಕ್ಕೆಯ ಪಕ್ಕ ಇಟ್ಟರು.

“ಜನರ ಹೆಸರು ಸಿಕ್ತಾ?”

“ಅರವತ್ತಮೂರೂ ಸಿಕ್ತು ಭಾವ. ದೊಡ್ಡ ಡಿಸ್ಕಿನ ಅಡೀಲಿತ್ತು.”

“ಹಾಳೇಲಿ ಖಾಲಿ ಇತ್ತಾ?”

“ಇತ್ತು.”

“ನೀನು ಸಹಿ ಹಾಕಿದ್ದೆ.”

“ಹೂಂ.”

ಭಾವ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. “ಆ ಸೋಮವಾರವೇ ನನಗೆ ಹಾಗನ್ನಿಸಿತ್ತು. ಒಂದೇ ದಿನ ಹೋಗಿದೆ ಅಂದ ತಕ್ಷಣ. ಆದ್ರೆ ನನ್ನ ಒಳಗೆ ಬಿಡ್ಲಿಲ್ಲ. ಬರೆದು ಕೊಟ್ಟೆ, ನಿನ್ನ ಕೇಳಿದ್ವಿ ಸರಿಯಾಗಿದೆಯಂತೆ ಅಂದ್ರು. ನಿನಗೆ ಮೂರು ಸಲ ಫೋನ್ ಮಾಡ್ದೆ.”

“ಗೊತ್ತು ಭಾವ.”

“ನನ್ನ ಉಳಿಸು ಅಂತ ಕೇಳೋಕಲ್ಲ ಕಣೋ. ಶನಿವಾರದ ಹಾಳೇಲಿ ಖಾಲಿ ಇದೆಯಾ ಅಂತ ಕೇಳೋಕೆ. ಅರ್ಧ ನಿಮಿಷದ ಮಾತು. ಯಾರನ್ನೂ ಎರಡನೇ ಸಲ ಕೊಯ್ಯೋದು ತಪ್ತಿತ್ತು.”

ಮೂರು ಸಲವೂ ಫೋನು ಅವನ ಕೈಯಲ್ಲೇ ಹೊಡೆದುಕೊಂಡಿತ್ತು. ಮೂರು ಸಲವೂ ಅದು ತಾನಾಗಿ ಸುಮ್ಮನಾಗುವವರೆಗೆ ಅವನು ನೋಡುತ್ತಾ ನಿಂತಿದ್ದ. ನಿಷ್ಠೆ ಎಂದುಕೊಂಡಿದ್ದ ಅದನ್ನು.

“ಒಂಬತ್ತು ಜನರನ್ನ ಕೊಯ್ದ್ರು ಭಾವ. ನಾಳೆಯಿಂದ ಒಬ್ಬೊಬ್ಬರ ಮನೆಗೂ ಹೋಗ್ತೀನಿ. ತಪ್ಪು ನನ್ನದು ಅಂತ ಹೇಳ್ತೀನಿ.”

“ಹೋಗು. ಹೋಗ್ಲೇಬೇಕು.”

ಅಡುಗೆಮನೆಯಲ್ಲಿ ಅಕ್ಕ ಪಾತ್ರೆಯ ಮೇಲೆ ಪಾತ್ರೆ ಇಡುವ ಸದ್ದು ಮಾತ್ರ ಕೇಳುತ್ತಿತ್ತು.

“ಸೋಮವಾರ ಕೆಲಸಕ್ಕೆ ಬರ್ತೀನಿ,” ಎಂದರು ಭಾವ ಕೊನೆಗೆ. “ಆ ಪದ ತೆಗೀಬೇಕು, ಸ್ವಿಚ್ಚುಗಳ ಮೇಲೆ ಒಂದು ಎರಡು ಅಂತ ಬರೀಬೇಕು. ಊಟಕ್ಕೆ ಮಾತ್ರ ನಿನ್ನ ಡಬ್ಬಿ ನೀನು ತಂದ್ಕೋ. ಒಂದೇ ಡಬ್ಬೀಲಿ ಕೈ ಹಾಕೋಕೆ ನನಗೆ ಸ್ವಲ್ಪ ದಿನ ಬೇಕು. ಬೇಜಾರು ಮಾಡ್ಕೋಬೇಡ.”

ಸೋಮವಾರ ಒಂದು ಗಂಟೆಗೆ ಬೆಂಚಿನ ಆ ತುದಿಯಲ್ಲಿ ಭಾವ ಕೂತರು, ಈ ತುದಿಯಲ್ಲಿ ಚಿಕ್ಕತಟ್ಟೆ. ಅವನ ಡಬ್ಬಿ ಅಂಗಡಿಯಿಂದ ಆಗಷ್ಟೇ ತಂದ ಹೊಸದು, ಮುಚ್ಚಳ ಬಿಗಿಯಾಗಿತ್ತು. ಡಬ್ಬಿ ತೆಗೆಯುವ ಮೊದಲು ಭಾವ ಆ ದಿನದ ಹಾಳೆಯನ್ನು ನಡುವಿನ ಜಾಗದ ಮೇಲಿಟ್ಟು ಅವನ ಕಡೆ ತಳ್ಳಿದರು.

“ಓದಿ ಸಹಿ ಹಾಕು,” ಎಂದರು.

ಅವನು ಓದಿದ. ಸಣ್ಣ ಡಿಸ್ಕಿನ ಸಾಲು, ದೊಡ್ಡ ಡಿಸ್ಕಿನ ಸಾಲು, ಫೋಲ್ಡರಿನಲ್ಲಿದ್ದ ಒಂದೊಂದು ಹೆಸರು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ. ಊಟ ಆರಿಹೋಗುತ್ತಿತ್ತು. ಅವನು ಓದಿ ಮುಗಿಸುವವರೆಗೆ ಭಾವ ತಮ್ಮ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.